ಚೀಲದ ತೂಕ ಕಳೀತಾರಲ್ವಾ?

ಸೂಟ್‌ಕೇಸ್ ತೂಗುವ ನಮ್ಮನೆ ಕೊಕ್ಕೆ ತಕ್ಕಡಿ ನಿನ್ನೆ ವಾಪಸ್ ಬಂತು. ಹೋಗುವಾಗ ನೆಟ್ಟಗಿದ್ದ ಕೊಕ್ಕೆ ಈಗ ಸೊಟ್ಟಗಾಗಿದೆ. ಬ್ಯಾಟರಿ ಇಲ್ಲ, ಬ್ಯಾಟರಿ ಮುಚ್ಚಳವೂ ಇಲ್ಲ. ಆ ಜಾಗಕ್ಕೆ ಯಾರೋ ಪುಣ್ಯಾತ್ಮರು ಸೆಲ್ಲೋಟೇಪ್ ಸುತ್ತಿದ್ದಾರೆ. ಮೂಸಿದರೆ ಕೊಬ್ಬರಿ ವಾಸನೆ. ಲಗೇಜು ತೂಗುವ ಸಾಮಾನಿಗೆ ಕೊಬ್ಬರಿ ವಾಸನೆ ಯಾಕಪ್ಪ ಬಂತು ಅಂತ ಕೇಳಿದರೆ, ತಂದುಕೊಟ್ಟ ಹುಡುಗ "ನಂಗೊತ್ತಿಲ್ಲ ಅಂಕಲ್, ಕೊಡು ಅಂದ್ರು, ಕೊಟ್ಟೆ" ಅಂದವನೇ ಸ್ಕೂಟರ್ ಹತ್ತಿದ.

ಎರಡು ವರ್ಷದ ಹಿಂದೆ ಮಗಳು ಎಂ.ಎಸ್. ಓದಲು ಜರ್ಮನಿಗೆ ಹೊರಟಾಗ ಏಳುನೂರು ರೂಪಾಯಿ ಕೊಟ್ಟು ತಂದ ತಕ್ಕಡಿ ಅದು. ನಮ್ಮನೆಯಲ್ಲಿ ಕೆಲಸ ಮಾಡಿದ್ದು ನಾಲ್ಕೇ ದಿನ. ಆಮೇಲೆ ಮನೆಯಿಂದ ಮನೆಗೆ ಓಡಾಡಿಕೊಂಡಿದೆ. ಅದರ ಹಿಂದೆಯೇ ನಾನೂ ಓಡಾಡುತ್ತಿದ್ದೇನೆ. ನಮ್ಮ ಬಳಗದಲ್ಲಿ ಮೊದಲು ಮಗಳನ್ನು ಜರ್ಮನಿಗೆ ಕಳಿಸಿದವನು ನಾನಾದ್ದರಿಂದ, ಜರ್ಮನಿಯಲ್ಲಿ ಓದಿದವನೂ ನಾನೇ ಅಂತ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ನಾನು ಓದಿದ್ದು ತುಮಕೂರಿನಲ್ಲಿ, ಬಿ.ಕಾಂ. ಅದೂ ಎರಡನೇ ಅಟೆಂಪ್ಟಿನಲ್ಲಿ.

ಆದರೂ ಜುಲೈ ಬಂತೆಂದರೆ ಫೋನು ಶುರು. ಅದೂ ರಾತ್ರಿ ಹತ್ತೂವರೆಗೆ. ಕುಕ್ಕರ್ ಮೂರು ಲೀಟರಿನದು ಸಾಕಾ, ಐದರದು ಬೇಕಾ? ಅಲ್ಲಿ ಪ್ಲಗ್ ದುಂಡಗಿರುತ್ತಾ, ಚಪ್ಪಟೆಯಾ? ಅಲ್ಲಿಯವರು ತಲೆಗೆ ಎಣ್ಣೆ ಹಚ್ಕೋತಾರಾ? ಅಕ್ಕಿ ಸಿಗುತ್ತಾ? ನಾನು ತಾಳ್ಮೆಯಿಂದ "ಎಲ್ಲಾ ಸಿಗುತ್ತೆ, ಇಂಡಿಯನ್ ಅಂಗಡಿ ಊರಿಗೊಂದಿದೆ" ಅನ್ನುತ್ತೇನೆ. ಆ ಕಡೆ ಒಂದು ನಿಮಿಷ ಮೌನ. "ಸಿಗುತ್ತೆ" ಅನ್ನೋ ಮಾತು ಕೇಳೋಕೆ ಅಂತ ಯಾರೂ ಫೋನ್ ಮಾಡಿರುವುದಿಲ್ಲ. ಸಿಗಲ್ಲ ಅಂದರೆ ಮಾತ್ರ ಆ ಮನೆಯಲ್ಲಿ ರಾತ್ರಿಯೇ ಬಾಣಲೆ ಒಲೆಗೇರುತ್ತದೆ.

ಈ ವರ್ಷದ ಸರದಿ ನಮ್ಮಕ್ಕನ ಮಗನದು.

ಭಾವ ತಿಪಟೂರಿನವರು. ತೆಂಗಿನ ತೋಟ, ಎರಡು ಹಸು, ನಲವತ್ತು ವರ್ಷದಿಂದ ಕೊಬ್ಬರಿ ಮಂಡಿಗೆ ಓಡಾಟ. ತೂಕದ ವಿಷಯದಲ್ಲಿ ಈ ಭೂಮಿ ಮೇಲೆ ಯಾರನ್ನೂ ನಂಬುವವರಲ್ಲ. ಹುಡುಗನ ಮಾರ್ಕ್ಸ್ ಕಾರ್ಡ್ ಅಸಲಿ ಎಂದು ತೋರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಕಟ್ಟಬೇಕು ಅಂದಾಗ, "ಓದಿ ಪಾಸ್ ಮಾಡಿದ್ದು ಇವ್ನು, ಪಾಸಾಗಿದಾನೆ ಅಂತ ನಂಬೋಕೆ ಅವ್ರಿಗೆ ದುಡ್ಡು ಕೊಡ್ಬೇಕಾ?" ಅಂದಿದ್ದರು. ಬ್ಲಾಕ್ಡ್ ಅಕೌಂಟ್ ವಿಷಯ ಬಂದಾಗಲಂತೂ ಎದ್ದು ನಿಂತರು. ಒಂದು ವರ್ಷದ ಖರ್ಚಿಗೆ ಅಂತ 11,904 ಯೂರೋ ಮೊದಲೇ ಇಡಬೇಕು, ಆಮೇಲೆ ತಿಂಗಳಿಗೆ 992ರಂತೆ ಹುಡುಗನ ಕೈಗೆ ಬರುತ್ತೆ ಅಂತ ನಾನು ಬಿಡಿಸಿ ಹೇಳಿದೆ.

"ನಮ್ ದುಡ್ಡನ್ನ ನಮಗೇ ಕಂತಲ್ಲಿ ಕೊಡೋದಾ?"

"ಹೌದು ಭಾವ."

"ನಮ್ಮಪ್ಪ ಹಿಂಗೇ ಮಾಡ್ತಿದ್ದ ಕಣಯ್ಯ" ಅಂದವರು ಸುಮ್ಮನೆ ಬ್ಯಾಂಕಿಗೆ ಹೊರಟರು.

ವೀಸಾ ಬಂತು, ಟಿಕೆಟ್ ಆಯಿತು. ಶನಿವಾರ ಬೆಳಗಿನ ಜಾವದ ವಿಮಾನ. ಶುಕ್ರವಾರ ಮಧ್ಯಾಹ್ನ ಇಡೀ ಸಂಸಾರ ಬಾಡಿಗೆ ಟಿಟಿಯಲ್ಲಿ ಬೆಂಗಳೂರಿನ ನಮ್ಮ ಮನೆಗೆ ಬಂದಿಳಿಯಿತು. ಹುಡುಗ ಇಳಿದ, ಅಕ್ಕ ಇಳಿದಳು, ಭಾವ ಇಳಿದರು, ಭಾವನ ತಮ್ಮ, ತಮ್ಮನ ಹೆಂಡತಿ, ಒಬ್ಬ ಅಜ್ಜಿ ಇಳಿದರು. ಆಮೇಲೆ ಸಾಮಾನು ಇಳಿಯತೊಡಗಿತು, ಇಳಿಯುತ್ತಲೇ ಇತ್ತು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ "ಮೇಲಿನ ಮನೆಗೆ ಹೊಸ ಬಾಡಿಗೆಯವರಾ?" ಅಂದರು.

ಟಿಕೆಟ್ಟಿಗೆ 23 ಕಿಲೋದ ಎರಡು ಸೂಟ್‌ಕೇಸು, ಎಂಟು ಕಿಲೋದ ಕೈಚೀಲ. ಇದನ್ನು ಜೂನ್‌ನಿಂದ ಹೇಳಿಕೊಂಡು ಬಂದಿದ್ದೆ. ಅಕ್ಕ ಮೊದಲಿಗೆ ಹೊರತೆಗೆದದ್ದು ಒಂದು ಕಿಲೋ ತುಪ್ಪ.

"ಅಕ್ಕ, ತುಪ್ಪ ಆಗಲ್ಲ. ಹಾಲಿನ ಪದಾರ್ಥ, ಮಾಂಸ, ಇವನ್ನ ಹೊರಗಿನಿಂದ ಯುರೋಪಿಗೆ ಲಗೇಜಲ್ಲಿ ತಗೊಂಡು ಹೋಗಂಗಿಲ್ಲ."

"ಯಾಕಂತೆ?"

"ಕಾಲುಬಾಯಿ ಜ್ವರದಂಥ ದನದ ರೋಗ ಅವರ ದೇಶಕ್ಕೆ ಹಬ್ಬಬಾರದು ಅಂತ."

ಭಾವನಿಗೆ ಇದು ನೇರವಾಗಿ ತಮ್ಮ ಕೊಟ್ಟಿಗೆಗೇ ಆದ ಅವಮಾನ. "ನಮ್ ಗೌರಿಗೆ ಹುಟ್ಟಿದಾಗಿಂದ ಒಂದ್ ಲಸಿಕೆ ತಪ್ಸಿಲ್ಲ ಕಣಯ್ಯ! ಬೇಕಾದ್ರೆ ಡಾಕ್ಟರ ಚೀಟಿ ಕೊಡಿಸ್ತೀನಿ. ಅದನ್ನೂ ಸೂಟ್‌ಕೇಸಿಗೆ ಹಾಕು." ಹುಡುಗ ಮುಖ ಮುಚ್ಚಿಕೊಂಡು ಸೋಫಾದ ಮೂಲೆಗೆ ಸರಿದ. ತುಪ್ಪ ನಮ್ಮ ಅಡುಗೆಮನೆಗೆ ಹೋಯಿತು. ಈ ಸಲಹಾ ಸೇವೆಯಲ್ಲಿ ನನಗೆ ಸಿಕ್ಕ ಏಕೈಕ ಫೀಸು ಅದು.

ಎರಡನೆಯದಾಗಿ ಹೊರಬಂದದ್ದು ಕೊಬ್ಬರಿ. ಇಡೀ ಗಿಟುಕು, ಇಪ್ಪತ್ತೈದು. ಅದೂ ಆಗಲ್ಲ ಅಂದೆ. ಎಣ್ಣೆಯಂಶ ಹೆಚ್ಚು, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ಅದಕ್ಕೇ ವಿಮಾನಕ್ಕೆ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ ಅಂದೆ. ಹಾಲ್‌ನಲ್ಲಿ ಒಮ್ಮೆಗೇ ನಿಶ್ಶಬ್ದ. ತಿಪಟೂರಿನವರ ಎದುರಿಗೆ ಕೊಬ್ಬರಿಯನ್ನು ಸ್ಫೋಟಕ ಅನ್ನುವ ಧೈರ್ಯ ನನಗೆ ಮೊದಲು ಮತ್ತು ಕೊನೆಯ ಸಲ ಬಂದದ್ದು ಅವತ್ತು.

"ನಮ್ ಅಟ್ಟದಲ್ಲಿ ಹನ್ನೊಂದ್ ತಿಂಗ್ಳು ಇರುತ್ತೆ ಕೊಬ್ರಿ. ಒಂದಿನಾನೂ ಹೊತ್ಕೊಂಡಿಲ್ಲ," ಅಂದರು ಭಾವ. ಸ್ವಲ್ಪ ಹೊತ್ತು ಬಿಟ್ಟು, "ರೇಟ್ ಬಿದ್ದಾಗ ನಮ್ ಹೊಟ್ಟೆ ಹೊತ್ಕೊಂಡಿದೆ, ಅಷ್ಟೆ."

ಆಮೇಲೆ ಪುಡಿಗಳು. ಚಟ್ನಿಪುಡಿ, ಸಾರಿನಪುಡಿ, ಹುಳಿಪುಡಿ, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು. ಎಲ್ಲಾ ಕವರಿನೊಳಗೆ ಕವರು, ಅದರೊಳಗೆ ಕವರು. ಕುಕ್ಕರಿನ ಹೊಟ್ಟೆಯೊಳಗೆ ಸಾರಿನಪುಡಿ, ಸಾರಿನಪುಡಿ ಸುತ್ತ ಕಾಲುಚೀಲ. ಹುಡುಗನ ಬಟ್ಟೆಗೆ ಉಳಿದದ್ದು ಒಂದು ಮೂಲೆ. "ಅಮ್ಮ, ಅಲ್ಲಿ ಚಳಿ, ಜಾಕೆಟ್ ಬೇಕು" ಅಂದರೆ, "ಜಾಕೆಟ್ ಹಾಕ್ಕೊಂಡೇ ಹೋಗು" ಅಂದಳು ಅಕ್ಕ. ಸೆಪ್ಟೆಂಬರ್ ಸೆಖೆಯಲ್ಲಿ ಪಾಪ ಅವನು ಹಾಗೇ ಹೋದ. ಜಾಕೆಟ್ಟಿನ ನಾಲ್ಕೂ ಜೇಬಲ್ಲಿ ನಿಪ್ಪಟ್ಟು.

ರಾತ್ರಿ ಒಂಬತ್ತಕ್ಕೆ ತೂಕ. ಕೊಕ್ಕೆ ಸಿಕ್ಕಿಸಿ ಎತ್ತಿದೆ: 22.7. ಸರಿಯಾಗಿದೆ, ಜಿಪ್ ಹಾಕಿ ಅಂದೆ.

"ತಡಿ ತಡಿ," ಅಂದರು ಭಾವ. "ಇದ್ರಲ್ಲಿ ಪೆಟ್ಟಿಗೆ ತೂಕ ಕಳೀತಾರಲ್ವಾ?"

"ಇಲ್ಲ ಭಾವ, ಪೆಟ್ಟಿಗೆ ಸೇರಿಯೇ 23."

"ಮಂಡೀಲಿ ಚೀಲದ ತೂಕ ಕಳೀತಾರೆ ಕಣಯ್ಯ. ಬರೀ ಪೆಟ್ಟಿಗೆನೇ ನಾಕ್ ಕಿಲೋ ಇದೆ. ಅದನ್ ಯಾಕ್ ಲೆಕ್ಕಕ್ಕೆ ತಗೋಬೇಕು? ಅವ್ನೇನು ಪೆಟ್ಟಿಗೆ ತಿಂತಾನಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಯೋಚಿಸಿದಷ್ಟೂ ಅವರು ಹೇಳಿದ್ದೇ ನ್ಯಾಯ ಅನಿಸುತ್ತದೆ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ನನ್ನ ತಕ್ಕಡಿಯ ಮೇಲೇ ಅನುಮಾನ ಶುರುವಾಯಿತು. "ಕೈ ನಡುಗಿದ್ರೆ ತೂಕ ಬದಲಾಗುತ್ತೆ. ಇಂಥ ಕೊಕ್ಕೆ ನಂಬಿ ನಾನು ಎಷ್ಟ್ ಮೋಸ ಹೋಗಿದೀನೋ. ನಿಂತ್ಕೊಳ್ಳೋದು ಇದೆಯಾ?"

ಇತ್ತು. ನನ್ನಾಕೆ ಡಯಟ್ಟು ಶುರು ಮಾಡಿದ ವರ್ಷ ತಂದದ್ದು. ಡಯಟ್ಟು ನಿಂತ ಮೇಲೆ ಅದು ಮಂಚದ ಕೆಳಗೆ ಸೇರಿತ್ತು. ಭಾವ ಪಂಚೆ ಎತ್ತಿಕಟ್ಟಿ, ಸೂಟ್‌ಕೇಸನ್ನು ಮಗುವಿನಂತೆ ಎದೆಗಪ್ಪಿಕೊಂಡು ಅದರ ಮೇಲೆ ಹತ್ತಿದರು. ಎದುರಿಗೆ ಸೂಟ್‌ಕೇಸ್ ಇದ್ದದ್ದರಿಂದ ಅಂಕಿ ಅವರಿಗೆ ಕಾಣದು. ಹುಡುಗ ನೆಲಕ್ಕೆ ಗಲ್ಲವೂರಿ ಓದಿದ: "103.9."

"ನಂದು 76. ಕಳಿ."

"27.9 ಅಪ್ಪ."

"ನೋಡ್ದಾ!" ಅಂದರು ನನ್ನ ಕಡೆ ತಿರುಗಿ. ಐದು ಕಿಲೋ ಹೆಚ್ಚು ಬಂದದ್ದಕ್ಕೆ ದುಃಖವಿಲ್ಲ, ನನ್ನ ತಕ್ಕಡಿ ಸುಳ್ಳಾದದ್ದಕ್ಕೆ ಆ ಮುಖದಲ್ಲಿ ದೀಪಾವಳಿ.

ಶುರುವಾಯಿತು ತೆಗೆಯುವ ಕೆಲಸ. ಇದರ ನಿಯಮ ಎಲ್ಲ ಮನೆಯಲ್ಲೂ ಒಂದೇ: ಪ್ರತಿಯೊಬ್ಬರೂ ಇನ್ನೊಬ್ಬರು ಇಟ್ಟದ್ದನ್ನು ತೆಗೆಯಬೇಕು. ಅಕ್ಕ, ಭಾವನ ತಮ್ಮ ಕೊಟ್ಟ ಟೂಲ್ ಬಾಕ್ಸ್ ತೆಗೆದಳು. ತಮ್ಮನ ಹೆಂಡತಿ, ಅಕ್ಕನ ಹುಳಿಪುಡಿ ತೆಗೆದಳು. ಹುಡುಗ ಇಬ್ಬರದನ್ನೂ ತೆಗೆದ. ಅಜ್ಜಿ ಯಾರೂ ನೋಡದಾಗ ಎಲ್ಲವನ್ನೂ ವಾಪಸ್ ಇಡುತ್ತಿದ್ದರು. ಮೂರು ಸಲ ಬಿಚ್ಚಿ, ಮೂರು ಸಲ ಕಟ್ಟಿ, ಗಂಟೆ ಹನ್ನೊಂದೂವರೆ ಆಯಿತು. ಹಾಲ್ ತುಂಬ ಪುಡಿಯ ಪೊಟ್ಟಣಗಳು, ನಡುವೆ ಬಾಯಿ ತೆರೆದ ಸೂಟ್‌ಕೇಸು.

ಆಗ ಅಕ್ಕನಿಗೆ ಏನನಿಸಿತೋ. "ರೀ, ನೀವೊಬ್ಬರೇ ಒಂದ್ಸಲ ನಿಂತ್ಕೊಳ್ಳಿ."

"ಯಾಕೆ? ನಂದು ಗೊತ್ತಲ್ಲ."

"ನಿಂತ್ಕೊಳ್ರೀ ಅಂದ್ರೆ."

ನಿಂತರು. ಈ ಸಲ ಓದಲು ಯಾರೂ ಮಲಗಬೇಕಾಗಲಿಲ್ಲ. 81.2.

ಅಕ್ಕನಿಗೆ ಈಗ ಸೂಟ್‌ಕೇಸು, ಜರ್ಮನಿ, ವಿಮಾನ ಯಾವುದೂ ಕಾಣುತ್ತಿಲ್ಲ. "ಹೋದ ತಿಂಗಳು ಶುಗರ್ ಡಾಕ್ಟರ ಹತ್ರ 76 ಅಂತ ಬರೆಸಿದ್ರಲ್ಲ?"

"ಈಗ ಊಟ ಆಗಿದೆಯಲ್ಲ."

"ಐದು ಕಿಲೋ ಊಟಾನಾ?"

"ಒಬ್ಬಟ್ಟು ಮಾಡಿದ್ದು ಯಾರು ಮತ್ತೆ?"

ನಾನು ಬಾಯಿ ಮುಚ್ಚಿಕೊಂಡು ಲೆಕ್ಕ ಹಾಕಿದೆ. 103.9ರಲ್ಲಿ 81.2 ಕಳೆದರೆ 22.7. ನನ್ನ ಕೊಕ್ಕೆ ಹೇಳಿದ್ದು ಅಷ್ಟೇ! ಇದನ್ನು ಗಟ್ಟಿಯಾಗಿ ಹೇಳುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ಅಕ್ಕ ಮಾತ್ರೆ ಡಬ್ಬಿ ತೆಗೆದು ಒಂದೊಂದೇ ಎಣಿಸುತ್ತಿದ್ದಳು. ಭಾವ ತಿಪಟೂರು ಬಿಟ್ಟ ಮೇಲೆ ಮೊದಲ ಸಲ ತಲೆ ತಗ್ಗಿಸಿ ಕೂತಿದ್ದರು. ಅಂಥ ಹೊತ್ತಲ್ಲಿ ಗೆಲ್ಲಬಾರದು. ಮರುದಿನ ಗೆದ್ದರಾಯಿತು ಎಂದುಕೊಂಡೆ. ಮರುದಿನ ಯಾರಿಗೂ ಅದು ಬೇಕಿರಲಿಲ್ಲ.

ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರು ಬಾಗಿಲಾಚೆ. ಹುಡುಗ ಟ್ರಾಲಿ ತಳ್ಳಿಕೊಂಡು ಒಳಗೆ ಹೋದ. ಗಾಜಿನಾಚೆ ಒಂದಷ್ಟು ದೂರ ಜಾಕೆಟ್ ಕಂಡಿತು, ಆಮೇಲೆ ಬೇರೆ ಜಾಕೆಟ್‌ಗಳ ನಡುವೆ ಸೇರಿಹೋಯಿತು. ಅಕ್ಕ ಸೆರಗು ಬಾಯಿಗೊತ್ತಿಕೊಂಡಳು. ಭಾವ ಫೋನ್ ಕಿವಿಗಿಟ್ಟುಕೊಂಡೇ ನಿಂತಿದ್ದರು. ಅರ್ಧ ಗಂಟೆಯ ನಂತರ ಹುಡುಗ ಎತ್ತಿದ. ಭಾವ ಕೇಳಿದ್ದು ಒಂದೇ ಮಾತು: "ಎಷ್ಟ್ ಬಂತು?"

23.3 ಬಂತಂತೆ. ಅಜ್ಜಿಯ ಕೈಚಳಕ ಇರಬೇಕು. ಕೌಂಟರಿನ ಹುಡುಗಿ ಮಾತಿಲ್ಲದೆ ಚೀಟಿ ಅಂಟಿಸಿ ಕಳಿಸಿದಳಂತೆ. "ಚೀಲದ ತೂಕ ಬಿಟ್ಟಿದಾರೆ ಕಣಯ್ಯ, ನಾನ್ ಹೇಳ್ಲಿಲ್ವಾ?" ಅಂದರು ಭಾವ. ಕಣ್ಣು ಒರೆಸಿಕೊಂಡರು. ಧೂಳಂತೆ.

ಶನಿವಾರ ರೈಲು ಬದಲಿಸಿ, ರೂಮಿನ ಕೀ ಇಸಿದುಕೊಂಡು ಬಿದ್ದುಕೊಂಡ ಹುಡುಗ ಎದ್ದದ್ದು ಭಾನುವಾರ. ಭಾನುವಾರ ಜರ್ಮನಿಯಲ್ಲಿ ಹೆಚ್ಚುಕಮ್ಮಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಇದನ್ನು ಹೇಳುವುದೇ ನಾನು ಮರೆತಿದ್ದೆ. ಅವನು ಆ ದಿನ ಬದುಕಿದ್ದು ಜಾಕೆಟ್ ಜೇಬಿನ ನಿಪ್ಪಟ್ಟು ಮತ್ತು ಹುರಿಹಿಟ್ಟಿನ ಮೇಲೆ. "ಎಲ್ಲಾ ಸಿಗುತ್ತೆ ಅಂದಿದ್ಯಲ್ಲೋ," ಅಂತ ಅಕ್ಕ ಇವತ್ತಿಗೂ ಚುಚ್ಚುತ್ತಾಳೆ.

ಆ ರಾತ್ರಿಯ ಗಡಿಬಿಡಿಯಲ್ಲಿ ನನ್ನ ತಕ್ಕಡಿ ಅವರ ಟಿಟಿ ಹತ್ತಿ ತಿಪಟೂರಿಗೆ ಹೋಗಿತ್ತು. ನಿನ್ನೆ ಬಂದ ಸ್ಥಿತಿ ನೋಡಿ ಫೋನ್ ಮಾಡಿದೆ.

"ಭಾವ, ಕೊಕ್ಕೆ ಸೊಟ್ಟಗಾಗಿದೆ."

"ಹೂಂ, ಒಂದ್ ಮೂಟೆ ಕೊಬ್ರಿ ನೇತಾಕಿದ್ದೆ. ಮಂಡಿಯವರ ತೂಕದ ಮೇಲೆ ಅನುಮಾನ ಇತ್ತು."

"ಅದರ ಮೇಲೆ 50 ಕಿಲೋ ಮಾತ್ರ ಅಂತ ಬರೆದಿದೆಯಲ್ಲ!"

"ಬರೆದಿದ್ದು ನೋಡ್ದೆ. ಆದ್ರೆ ನಿನ್ ತಕ್ಕಡಿ ಭಾಳ ಕರೆಕ್ಟು ಕಣಯ್ಯ. ಅವತ್ತೇ ಗೊತ್ತಾಯ್ತಲ್ಲ."

ಮಾತು ಮುಗಿಯಿತು. ಬೈಯಲು ಇಟ್ಟುಕೊಂಡಿದ್ದೆಲ್ಲ ಹಾಗೇ ಉಳಿಯಿತು.

ಸಂಜೆ ಹೊಸ ಬ್ಯಾಟರಿ ಹಾಕಿದೆ. ಸೊಟ್ಟ ಕೊಕ್ಕೆಯಲ್ಲಿ ತೂಕ ಸರಿ ಬರುತ್ತದಾ ನೋಡಬೇಕಿತ್ತು. ತೂಕ ಗೊತ್ತಿರುವ ಚೀಲ ನಮ್ಮನೆಯಲ್ಲಿ ಒಂದೇ. ಮಗಳ ಕಪಾಟಿನ ಕೆಳಗಿನ ಅಂಕಣದಲ್ಲಿದೆ. ಎರಡು ವರ್ಷದ ಹಿಂದೆ ಅವಳ ಪೆಟ್ಟಿಗೆಯಿಂದ ಕೊನೇ ಗಳಿಗೆಯಲ್ಲಿ ತೆಗೆದು ಬಟ್ಟೆ ಚೀಲಕ್ಕೆ ತುಂಬಿಟ್ಟದ್ದು. ನಮ್ಮಮ್ಮ ಹಳೇ ಸೀರೆಗಳಲ್ಲಿ ಹೊಲೆದ ಕೌದಿ, ಒಂದು ಸ್ಟೀಲ್ ಡಬ್ಬಿ, ಮಗಳು ಹೈಸ್ಕೂಲಿನಲ್ಲಿ ಗೆದ್ದ ಪಿಂಗಾಣಿ ಲೋಟ. ಅವತ್ತು ತೂಗಿದಾಗ 3.1 ಇತ್ತು. ಚೆನ್ನಾಗಿ ನೆನಪಿದೆ, ಯಾಕೆಂದರೆ ಆ 3.1 ಹೊರಬಂದ ಮೇಲೇ ಜಿಪ್ ಕೂತದ್ದು. ಆ ಚೀಲವನ್ನು ಖಾಲಿ ಮಾಡಲು ನನ್ನಾಕೆ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಡಿಸೆಂಬರಿನಲ್ಲಿ ಮಗಳು ಬರುತ್ತಾಳೆ, ಹದಿನೈದು ದಿನಕ್ಕೆ.

ಕೊಕ್ಕೆಗೆ ಸಿಕ್ಕಿಸಿ ಎತ್ತಿದೆ. 4.6.

"ನೋಡಿದ್ಯಾ, ಭಾವ ತಕ್ಕಡಿ ಹಾಳು ಮಾಡಿಟ್ಟಿದಾರೆ. ಒಂದೂವರೆ ಕಿಲೋ ಜಾಸ್ತಿ ತೋರಿಸ್ತಿದೆ," ಅಂತ ಕೂಗಿದೆ.

ಅವಳು ಅಡುಗೆಮನೆಯಿಂದ ಬರಲೇ ಇಲ್ಲ. ಚೀಲದೊಳಗಿಂದ ಆಗತಾನೇ ಕುಟ್ಟಿದ ಚಟ್ನಿಪುಡಿಯ ಘಮ ಬಂತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ಕೇಳಿದಳು:

"ಚೀಲದ ತೂಕ ಕಳೆದ್ರಾ?"