ಸತ್ಯಾಂಶ: ಕಾರ್ಸೆಟ್ ಬಿಡಿಸಿದ್ದು ಶನೆಲ್ ಒಬ್ಬರೇ ಅಲ್ಲ

"ಹೆಂಗಸರನ್ನು ಕಾರ್ಸೆಟ್‌ನಿಂದ ಬಿಡಿಸಿದ್ದು ಫ್ರಾನ್ಸಿನ ಫ್ಯಾಷನ್ ಡಿಸೈನರ್ ಕೊಕೊ ಶನೆಲ್ ಒಬ್ಬರೇ" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ. ಸೊಂಟ ಬಿಗಿಯುವ ಆ ಒಳಉಡುಪನ್ನು ಪ್ಯಾರಿಸ್ಸಿನ ಡಿಸೈನರ್ ಪಾಲ್ ಪೊಯರೆ 1906ರ ಹೊತ್ತಿಗೇ ತಮ್ಮ ಉಡುಪುಗಳಲ್ಲಿ ಕೈಬಿಟ್ಟಿದ್ದರು. ಆದರೆ ಅವರ ಹಾಬಲ್ ಸ್ಕರ್ಟ್ ಕಾಲಿನ ಹತ್ತಿರ ತುಂಬಾ ಬಿಗಿ. ಪುಟ್ಟ ಪುಟ್ಟ ಹೆಜ್ಜೆಯೇ ಇಡಬೇಕಿತ್ತು. ಸೊಂಟ ಬಿಚ್ಚಿ ಕಾಲು ಕಟ್ಟಿದ ಹಾಗಾಯ್ತು, ಅಲ್ವಾ?

ಶನೆಲ್ ಅವರ ದೊಡ್ಡ ಕೊಡುಗೆ ಬಟ್ಟೆಯ ಆಯ್ಕೆಯಲ್ಲಿದೆ. ಗಂಡಸರ ಒಳಉಡುಪಿಗೆ ಬಳಸುತ್ತಿದ್ದ ಅಗ್ಗದ ಜೆರ್ಸಿಯನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಹೆಂಗಸರ ಉಡುಪಿಗೆ ತಂದರು. ಮೆತ್ತಗಿನ, ಎಳೆದರೆ ಹಿಗ್ಗುವ ಬಟ್ಟೆ. ಸಲೀಸಾಗಿ ಕೈ ಎತ್ತಬಹುದು, ಬೇಗ ನಡೆಯಬಹುದು. ಮುಂದೆ 1955ರಲ್ಲಿ ಬ್ಯಾಗಿಗೆ ಉದ್ದನೆಯ ಸರಪಳಿ ಹಾಕಿದರು. ಭುಜಕ್ಕೆ ನೇತುಹಾಕಿಕೊಂಡರೆ ಎರಡೂ ಕೈ ಖಾಲಿ.