ಎದ್ದು ಕೂರುವುದು ಅಷ್ಟು ಸುಲಭವಲ್ಲ

ನಿನ್ನೆ ರಾತ್ರಿ ಮತ್ತೊಂದು ಬಾಹ್ಯಾಕಾಶದ ಸಿನಿಮಾ ನೋಡಿದೆ. ಮತ್ತದೇ ದೃಶ್ಯ. ಗಾಜಿನ ಪೆಟ್ಟಿಗೆಯ ಮುಚ್ಚಳ ತೆರೆಯುತ್ತದೆ, ಬಿಳಿ ಹೊಗೆ ಬರುತ್ತದೆ. ಎಷ್ಟೋ ವರ್ಷ ಮಲಗಿದ್ದ ನಾಯಕ ಎರಡು ಸಲ ಕೆಮ್ಮಿ, ಎದ್ದು, ನೇರ ಕಂಟ್ರೋಲ್ ರೂಮಿಗೆ ನಡೆದುಹೋಗುತ್ತಾನೆ. ಅಲ್ಲಿಗೇ ಟಿವಿ ಆರಿಸಿದೆ. ಸಿಟ್ಟು ಮಾತ್ರ ಬೆಳಗಿನವರೆಗೂ ಇಳಿಯಲಿಲ್ಲ.

ನನ್ನ ಕೆಲಸ ಆಸ್ಪತ್ರೆಯಲ್ಲಿ. ಐಸಿಯುನಲ್ಲಿ ಮಲಗಿದವರನ್ನು ಕೂರಿಸುವುದು, ನಿಲ್ಲಿಸುವುದು, ಆಮೇಲೆ ನಡೆಸುವುದು. ಹತ್ತು ದಿನ ವೆಂಟಿಲೇಟರ್‌ನಲ್ಲಿದ್ದವರ ತೊಡೆ ಮುಟ್ಟಿದರೆ ಕೈಗೇ ಗೊತ್ತಾಗುತ್ತದೆ. 2013ರ ಒಂದು ಅಧ್ಯಯನದಲ್ಲಿ ಅಳೆದೇ ನೋಡಿದ್ದಾರೆ. ಹತ್ತು ದಿನಕ್ಕೆ ತೊಡೆಯ ಮುಂಭಾಗದ ಸ್ನಾಯು ಸರಾಸರಿ ಶೇ. 17ಕ್ಕಿಂತ ಜಾಸ್ತಿ ಕರಗಿತ್ತು. ಬರೀ ಹತ್ತು ದಿನಕ್ಕೆ!

'ಅದು ಕಾಯಿಲೆ. ಸಿನಿಮಾದಲ್ಲಿ ದೇಹವನ್ನು ತಣ್ಣಗೆ ಮಾಡಿ ಎಲ್ಲವನ್ನೂ ನಿಲ್ಲಿಸಿರುತ್ತಾರೆ' ಅನ್ನುತ್ತೀರಿ. ಸರಿ, ತಣ್ಣಗಾದವರನ್ನೇ ನೋಡೋಣ. 1999ರಲ್ಲಿ ನಾರ್ವೆಯಲ್ಲಿ ಅನ್ನಾ ಬೋಗೆನ್‌ಹೋಮ್ ಎಂಬ ವೈದ್ಯೆ ಸ್ಕೀ ಮಾಡುವಾಗ ಜಾರಿ, ಮಂಜುಗಡ್ಡೆಯ ಕೆಳಗಿನ ನೀರಿನಲ್ಲಿ 80 ನಿಮಿಷ ಸಿಕ್ಕಿಕೊಂಡರು. ದೇಹದ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹೃದಯ ನಿಂತಿತ್ತು. ಆದರೂ ಬದುಕಿದರು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಪ್ರಜ್ಞೆ ಬಂದಾಗ ಅವರಿಗೆ ಕತ್ತಿನಿಂದ ಕೆಳಗೆ ಏನನ್ನೂ ಅಲುಗಾಡಿಸಲು ಆಗಲಿಲ್ಲ. ಮತ್ತೆ ಕೆಲಸಕ್ಕೆ ಮರಳುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಕಥೆ ಇರುವುದು ಆ ತಿಂಗಳುಗಳಲ್ಲಿ ಅಲ್ವಾ?

ಹೀಗೆ ತಣ್ಣಗೆ ಮಲಗಲೆಂದೇ ಹುಟ್ಟಿದ ಪ್ರಾಣಿಗಳಿಗೂ ಏಳುವುದು ಸುಲಭವಲ್ಲ. ಆರ್ಕ್ಟಿಕ್ ಪ್ರದೇಶದ ನೆಲ ಅಳಿಲಿನ ಮೈ ಚಳಿಗಾಲದಲ್ಲಿ ಸೊನ್ನೆಗಿಂತಲೂ ಕೆಳಗೆ, ಸುಮಾರು ಮೈನಸ್ 2.9 ಡಿಗ್ರಿವರೆಗೆ ತಣ್ಣಗಾಗುತ್ತದೆ. ಆದರೆ ಎರಡು ಮೂರು ವಾರಕ್ಕೊಮ್ಮೆ ಅದು ಮೈಯನ್ನೆಲ್ಲ ಬೆಚ್ಚಗೆ ಮಾಡಿಕೊಳ್ಳಲೇಬೇಕು. ಕೂಡಿಟ್ಟ ಕೊಬ್ಬಿನ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಹಾಗೆ ಬೆಚ್ಚಗಾಗಿ ಅದು ಏನು ಮಾಡುತ್ತದೆ ಗೊತ್ತಾ? ಆ ಹೊತ್ತಿನ ಹೆಚ್ಚಿನ ಪಾಲು ನಿದ್ದೆ ಮಾಡುತ್ತದೆ! ತಣ್ಣಗೆ ಬಿದ್ದಿರುವುದನ್ನು ನಾವು ನಿದ್ದೆ ಅನ್ನುತ್ತೇವೆ, ಅದರ ಮೆದುಳು ಹಾಗೆ ಅಂದುಕೊಂಡಿಲ್ಲ. ಇನ್ನು ಚಳಿಗಾಲವಿಡೀ ಮಲಗುವ ಕರಡಿ. ಅದರ ಸ್ನಾಯು ಅಷ್ಟಾಗಿ ಕರಗುವುದಿಲ್ಲ, ನಿಜ. ಆದರೆ ಅಲಾಸ್ಕಾದ ಕಪ್ಪು ಕರಡಿಗಳು ಎಚ್ಚರವಾಗಿ ಓಡಾಡಲು ಶುರುಮಾಡಿದ ಮೇಲೂ ಅವುಗಳ ದೇಹದೊಳಗಿನ ಕೆಲಸ ಮೊದಲಿನ ವೇಗಕ್ಕೆ ಬರಲು ಎರಡು ಮೂರು ವಾರ ಬೇಕಾಯಿತು. ಕರಡಿಗೇ ಮೂರು ವಾರ, ನಾಯಕನಿಗೆ ಮೂರು ನಿಮಿಷ.

'ಕಥೆ ತಾನೇ, ಸುಮ್ನೆ ನೋಡು' ಎಂದು ತಮ್ಮ ಹೇಳಿದ. ನಾನು ಬಾಹ್ಯಾಕಾಶ ಹಡಗಿನ ವೇಗ ಕೇಳುತ್ತಿಲ್ಲ, ಇಂಧನ ಎಲ್ಲಿಂದ ಬಂತು ಅಂತಲೂ ಕೇಳುತ್ತಿಲ್ಲ. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುವ ವಾಯೇಜರ್ 1 ನೌಕೆಗೂ ಹತ್ತಿರದ ನಕ್ಷತ್ರದಷ್ಟು ದೂರ ಹೋಗಲು 70,000 ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಮಲಗಿಸಿ, ಒಪ್ಪುತ್ತೇನೆ. ಎಬ್ಬಿಸುವಾಗ ಮಾತ್ರ ಆ ದೇಹದ ಮೇಲೆ ಸ್ವಲ್ಪ ಗೌರವ ಇರಲಿ. ಇಷ್ಟೇ ನಾನು ಕೇಳುವುದು.

ಇಷ್ಟು ಸಿಟ್ಟು ಯಾಕೆ ಅಂದರೆ, ಅಪ್ಪ. ಹನ್ನೊಂದು ದಿನ ಅವರನ್ನು ಔಷಧಿ ಕೊಟ್ಟು ಮಲಗಿಸಿದ್ದರು. ಕಣ್ಣು ಬಿಟ್ಟಾಗ ಪಕ್ಕದಲ್ಲೇ ಇದ್ದೆ. ನನ್ನನ್ನು ನೋಡಿ 'ನನ್ನ ಮಗಳು ಎಲ್ಲಿ?' ಎಂದರು. ಕೆಲವು ದಿನ ಗೊಂದಲ ಇರುತ್ತದೆ, ಹೆದರಬೇಡಿ ಅಂತ ಬೇರೆಯವರ ಮನೆಯವರಿಗೆ ಎಷ್ಟು ಸಲ ಹೇಳಿದ್ದೆನೋ. ಆವತ್ತು ಒಂದೂ ನೆನಪಾಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಆ ಸಿನಿಮಾದ ದೃಶ್ಯವೇ. ಕಣ್ಣು ಬಿಡುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಅಷ್ಟೇ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಐದನೇ ದಿನ ಅವರನ್ನು ಮಂಚದ ಅಂಚಿನಲ್ಲಿ ಕೂರಿಸಿದೆವು. ಒಂದು ಕೈ ಬೆನ್ನಿಗೆ, ಇನ್ನೊಂದು ಮಂಡಿಯ ಮೇಲೆ. ತಲೆ ನಿಲ್ಲುತ್ತಿರಲಿಲ್ಲ. ಕಾಲು ನೆಲಕ್ಕೆ ತಾಗಿದಾಗ 'ತಣ್ಣಗಿದೆ' ಎಂದರು. ನಾಲ್ಕು ನಿಮಿಷ ಕೂತರು.

ಆ ನಾಲ್ಕು ನಿಮಿಷವನ್ನು ಯಾರಾದರೂ ಒಂದು ಹಡಗಿನೊಳಗೆ ತೋರಿಸಲಿ. ಕಿಟಕಿಯಾಚೆ ಯಾವ ಗ್ರಹವಾದರೂ ಇರಲಿ, ಕ್ಯಾಮೆರಾ ಆ ಪಾದಗಳ ಮೇಲೇ ಇರಲಿ.