ಬಣ್ಣಕ್ಕಿಂತ ಮೊದಲು ಆ ಸಹಿ

ನೆರೆಹೊರೆಯವರು ಸೇರಿ ಚಿತ್ರ ಬಿಡಿಸಿದರೆ ಒಬ್ಬರ ಕಷ್ಟಸುಖ ಇನ್ನೊಬ್ಬರಿಗೆ ತಿಳಿಯುತ್ತದೆ ಎಂದು ಒಂದು ಲೇಖನದಲ್ಲಿ ಓದಿದ ಮಾತು ತುಂಬಾ ಹಿಡಿಸಿತು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇದು ಆಗಿದೆ. 1996ರಲ್ಲಿ ಅಲ್ಲಿನ ಸೆಲ್‌ವುಡ್ ಬಡಾವಣೆಯ ಜನ ನಾಲ್ಕು ರಸ್ತೆ ಸೇರುವ ಕಡೆ ನೆಲದ ಮೇಲೇ ದೊಡ್ಡ ಚಿತ್ರ ಬರೆದರು. ಮೂಲೆಗಳಲ್ಲಿ ಚಹಾ ಇಡುವ ಜಾಗ, ಪುಸ್ತಕದ ಗೂಡು, ಮಕ್ಕಳ ಆಟದ ಮನೆ ಕಟ್ಟಿದರು. ನಗರಾಡಳಿತ ಮೊದಲು ಒಪ್ಪಲಿಲ್ಲ. ಆಮೇಲೆ ಅನುಮತಿ ಕೊಡಲು ನಿಯಮವನ್ನೇ ಮಾಡಿತು. ಸುತ್ತಲಿನ ಮನೆಯವರ ಸಹಿ ಬೇಕು ಅನ್ನೋದೂ ಅದರಲ್ಲಿದೆ.

ನನಗೆ ಆ ಸಹಿಯೇ ದೊಡ್ಡದು ಅನ್ನಿಸುತ್ತದೆ. ಸಹಿಗಾಗಿ ಮನೆಮನೆಗೆ ಹೋಗಬೇಕು, ಬೇಡ ಅನ್ನುವವರ ಮಾತನ್ನೂ ನಿಂತು ಕೇಳಬೇಕು. ವಾಹನ ಓಡಾಡಿ ಬಣ್ಣ ಮಾಸುತ್ತದೆ, ಮತ್ತೆ ಎಲ್ಲರೂ ಸೇರಿ ಬಳಿಯಬೇಕು. ಆಗ ಹೊಸದಾಗಿ ಬಾಡಿಗೆಗೆ ಬಂದವರ ಕೈಗೂ ಕುಂಚ ಸಿಗುತ್ತದೆ.

ನಮ್ಮ ಬಡಾವಣೆಗಳಲ್ಲಿ ರಂಗೋಲಿ ಸ್ಪರ್ಧೆ ಇಡುತ್ತೇವೆ. ಅಲ್ಲಿ ಒಬ್ಬೊಬ್ಬರೂ ತಮ್ಮ ಚೌಕದಲ್ಲೇ ಇರುತ್ತಾರೆ, ಮಾತು ಜಾಸ್ತಿ ಬೆಳೆಯೋದಿಲ್ಲ ಅಲ್ವಾ? ಅದರ ಬದಲು ಇಡೀ ಬೀದಿಗೆ ಒಂದೇ ರಂಗೋಲಿ ಹಾಕೋಣ. ಅಜ್ಜಿಯರು ಚುಕ್ಕಿ ಇಡಲಿ, ಮಕ್ಕಳು ಬಣ್ಣ ತುಂಬಲಿ, ಗಂಡಸರೂ ಕೂತು ಎಳೆ ಹಾಕಲಿ. ಬರುವ ಯುಗಾದಿಗೇ ಶುರು ಮಾಡಬಹುದು.